ಫೈಲಿನಲ್ಲಿ ಉಳಿದ ಬೆರಳು

ಬರಗೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ, ಗೊಬ್ಬರದ ಅಂಗಡಿಗೆ ಆತುಕೊಂಡಂತಿರುವ ಸಣ್ಣ ಮಳಿಗೆಯಲ್ಲಿ ಯಶೋದ ಕೂತಿರುತ್ತಾಳೆ. ಪಾಸ್‌ಪೋರ್ಟ್ ಸೈಜಿನ ಫೋಟೊ, ಜೆರಾಕ್ಸು, ತಿಥಿ ಕಾರ್ಡು, ನಾಮಕರಣದ ಫ್ಲೆಕ್ಸು, ಎಲ್ಲವೂ ಅವಳೊಬ್ಬಳದೇ ಕೈ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಸ್ಟುಡಿಯೋದವರ ಫೋನಿನಲ್ಲೆಲ್ಲ ಅವಳ ನಂಬರಿದೆ. ಮದುವೆ ಆಲ್ಬಮ್ಮಿನ ಫೈಲು ತೆರೆಯದೆ ಕೈಕೊಟ್ಟರೆ, ಸೇವ್ ಆಗದೆ ಸತಾಯಿಸಿದರೆ ಅವಳಿಗೆ ಫೋನು. ಅವಳು ಮೊದಲು ಕೇಳುವುದು ಫೈಲು ಎಷ್ಟು ದೊಡ್ಡದಿದೆ ಎಂದು. ಆಮೇಲೆ ಕೇಳುವುದು, ನಿನಗಿಂತ ಮುಂಚೆ ಅದನ್ನು ಮುಟ್ಟಿದವರು ಯಾರು ಎಂದು. ಈ ಎರಡನೇ ಪ್ರಶ್ನೆಯನ್ನು ಅವಳು ಕಲಿತದ್ದು ತನಗೆ ಈ ಕೆಲಸ ಕಲಿಸಿದ ಮಲ್ಲೇಶನಿಂದ. ಅವನು ಪಾಠ ಹೇಳಿ ಕಲಿಸಿದ್ದಲ್ಲ.

ಯಶೋದ ಹುಲಿಕುಂಟೆ ಕಡೆಯ ಒಂದು ಗೊಲ್ಲರಹಟ್ಟಿಯವಳು. ಅವಳವ್ವ ಕ್ಯಾತಮ್ಮ ಕುರಿ ಕಾಯುವವಳು, ಬಾಯಿ ಜೋರು. ಹುಡುಗಿಯಾಗಿದ್ದಾಗ ಟಗರಿನ ಹಗ್ಗ ಬೆರಳಿಗೆ ಸುತ್ತಿಕೊಂಡು, ಟಗರು ಎಳೆದ ಏಟಿಗೆ ಬಲಗೈ ಉಂಗುರದ ಬೆರಳು ಮುರಿದಿತ್ತು. ಮುರಿದದ್ದು ಸೊಟ್ಟಕ್ಕೇ ಕೂಡಿಕೊಂಡಿತು. ಹಟ್ಟಿಯಲ್ಲಿ ಯಾರನ್ನಾದರೂ ಬೈಯುವಾಗ ಕ್ಯಾತಮ್ಮ ಆ ಕೈಯನ್ನೇ ಎತ್ತುತ್ತಿದ್ದಳು. ಬೆರಳು ಒಬ್ಬನ ಕಡೆ, ಬೈಗುಳ ಇನ್ನೊಬ್ಬನ ಕಡೆ ಎಂದು ಜನ ನಗುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಹಟ್ಟಿಯ ಕುರಿ ಮೇಯುವ ಗೋಮಾಳಕ್ಕೆ ಕಲ್ಲು ಕ್ರಷರಿನ ಬಸವಲಿಂಗಯ್ಯ ಕಣ್ಣು ಹಾಕಿದ. ಆಗ ಸಂಘ ಕಟ್ಟಿದವನು ಪರಮೇಶ. ಶಿರಾದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮನೆತನದವನು, ಮಾತು ಬಲ್ಲವನು. ಅವನ ಮಾತಿಗೆ ಹಟ್ಟಿಯ ಹೆಂಗಸರು ಕುರಿಗಳ ಸಮೇತ ತಾಲ್ಲೂಕು ಕಚೇರಿಯ ಮುಂದೆ ಬಂದು ಕೂತರು. ಗಂಡಸರಲ್ಲಿ ಅರ್ಧ ಜನ ಟೀ ಅಂಗಡಿಯಲ್ಲಿ ಕೂತರು, ಅದು ಬೇರೆ ಮಾತು. ಆ ದಿನ ಕ್ಯಾಮೆರಾ ಹಿಡಿದು ಬಂದವನು ಮಲ್ಲೇಶ ಒಬ್ಬನೇ. ಅವನು ತೆಗೆದ ಫೋಟೊದಲ್ಲಿ ನಟ್ಟನಡುವೆ ಕ್ಯಾತಮ್ಮ ನಿಂತಿದ್ದಾಳೆ. ಬಲಗೈ ಬ್ಯಾನರಿನ ಅಂಚನ್ನು ಹಿಡಿದಿದೆ, ಬಾಯಿ ಘೋಷಣೆಯ ಮಧ್ಯದಲ್ಲಿ ತೆರೆದಿದೆ. ಪಕ್ಕದಲ್ಲಿ ಪರಮೇಶ, ಹಿಂದೆ ಹಟ್ಟಿ, ಹಟ್ಟಿಯ ಹಿಂದೆ ಕುರಿ. ಗೋಮಾಳ ಉಳಿಯಿತು. ಫೋಟೊ ಸಂಘದ ಕ್ಯಾಲೆಂಡರಿಗೂ ಹೋಯಿತು, ಪರಮೇಶನ ಮನೆಯ ಗೋಡೆಗೂ ಹೋಯಿತು.

ಫೋಟೊ ತೆಗೆಸಿಕೊಂಡ ಕೈಯಲ್ಲೇ ಕ್ಯಾತಮ್ಮ ಮಲ್ಲೇಶನನ್ನು ಹಿಡಿದು ನಿಲ್ಲಿಸಿದ್ದಳು.

"ನನ್ ಮಗ್ಳು ಪಿಯುಸಿ ಫೇಲಾಗಿ ಮನೇಲ್ ಕುಂತವ್ಳೆ ಕಣಪ್ಪ. ನಿನ್ ಡಬ್ಬಿ ಕೆಲ್ಸ ಅವ್ಳಿಗೂ ಒಸಿ ಕಲ್ಸು."

ಮಲ್ಲೇಶ ಕಲಿಸಿದ. ಅವನ ಸ್ಟುಡಿಯೋ ಶಿರಾದ ಪೇಟೆಯೊಳಗೆ ಒಂದು ಮಹಡಿಯ ಮೇಲೆ. ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿ, ಊದುಬತ್ತಿ ತೋರಿಸಿಯೇ ಕೆಲಸಕ್ಕೆ ಕೂರುವವನು. ಅಲ್ಲೇ ಕೆಲಸಕ್ಕೆ ನಿಂತ ಯಶೋದ ಅವನನ್ನು ಅಣ್ಣ ಎಂದಳು, ಅವನ ಹೆಂಡತಿಯ ಬಾಣಂತನಕ್ಕೆ ಹಟ್ಟಿಯಿಂದ ತುಪ್ಪ ಹೊತ್ತಳು. ಹಬ್ಬಕ್ಕೆ ಬಂದಾಗ ಮಲ್ಲೇಶನಿಗೆ ಕ್ಯಾತಮ್ಮ ಅವರೆಕಾಳು ಸಾರು, ಮುದ್ದೆ ಇಕ್ಕಿ, ಇನ್ನೊಂದು ಉಣ್ಣು ಎಂದು ಗದರಿದಳು. ಉಂಡ.

ಅವನು ಕಲಿಸಿದ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಫೋಟೊದಿಂದ ಯಾರನ್ನು ತೆಗೆಯಲು ಹೇಳಿದರೂ ಅಳಿಸಬಾರದು, ಮರೆ ಮಾಡಬೇಕು ಅಷ್ಟೆ. ಎಡಿಟ್ ಮಾಡುವ ಫೈಲಿನಲ್ಲಿ ಪದರದ ಮೇಲೆ ಪದರ ಇರುತ್ತದೆ. ಮೂಲ ಫೋಟೊ ತಳದಲ್ಲಿ ಹಾಗೇ ಮಲಗಿರಬೇಕು, ಮೇಲಿನದನ್ನು ಮಾತ್ರ ಬದಲಾಯಿಸಬೇಕು. ಯಾಕೆಂದರೆ ಈ ಸೀಮೆಯ ಮದುವೆಗಳೇ ಹಾಗೆ. ಊಟದ ಪಂಕ್ತಿಯಲ್ಲಿ ಮಾತು ಬಂತೆಂದು ಸೋದರಮಾವ ಎದ್ದು ಹೋಗುತ್ತಾನೆ, ಗಂಡಿನ ಕಡೆಯವರು ಬಂದು ಆಲ್ಬಮ್ಮಿನಿಂದ ಅವನನ್ನು ಎತ್ತಿ ಬಿಸಾಕು ಎನ್ನುತ್ತಾರೆ. ಆರು ತಿಂಗಳಿಗೆ ರಾಜಿಯಾಗುತ್ತದೆ. ಅದೇ ಜನ ಬಂದು ಮಾವನನ್ನು ವಾಪಸ್ ಹಾಕು ಎನ್ನುತ್ತಾರೆ. ಮಲ್ಲೇಶ ನಗುತ್ತಾ ಹಾಕುತ್ತಿದ್ದ.

ಇನ್ನೊಂದನ್ನೂ ಕಲಿಸಿದ್ದ. ಅದು ಕೆಲಸವಲ್ಲ, ಕಳ್ಳಾಟ. ಹೇಳಿದ ದಿನಕ್ಕೆ ಆಲ್ಬಮ್ ಆಗಿರದಿದ್ದರೆ ಗಿರಾಕಿ ಬಂದು ಮೇಜು ಗುದ್ದುತ್ತಾನೆ. ಆಗ ಯಾವುದೋ ಮಾಮೂಲಿ ಫೋಟೊದ ಫೈಲು ತಗೊಂಡು, ಅದರ ಹೆಸರಿನ ಬಾಲವನ್ನು ಕತ್ತರಿಸಿ ಎಡಿಟಿಂಗ್ ಫೈಲಿನ ಬಾಲ ಅಂಟಿಸುವುದು. ಒಳಗಿರುವುದು ಒಂದು, ಹೆಸರು ಇನ್ನೊಂದು. ತೆರೆಯಲು ಹೋದರೆ ಸಾಫ್ಟ್‌ವೇರು ತಬ್ಬಿಬ್ಬಾಗಿ, ಇದು ಸರಿಯಾದ ಫೈಲಲ್ಲ ಎಂದು ಪೆಟ್ಟಿಗೆ ತೋರಿಸುತ್ತದೆ. ನೋಡಿ ಸ್ವಾಮಿ, ನಿಮ್ಮ ಫೈಲು ಕೆಟ್ಟಿದೆ, ಉಳಿಸಿಕೊಡಲು ಎರಡು ದಿನ ಬೇಕು. ಗಿರಾಕಿ ಹೆದರಿ, ಉಳಿಸಿಕೊಡಪ್ಪ ಎಂದು ಕೈಮುಗಿದು ಹೋಗುತ್ತಾನೆ. ಯಶೋದಳೂ ಎಷ್ಟೋ ಜನರಿಗೆ ಇದನ್ನು ಮಾಡಿ, ಅವರು ಮೆಟ್ಟಿಲಿಳಿದ ಮೇಲೆ ಮಲ್ಲೇಶನ ಜೊತೆ ನಕ್ಕಿದ್ದಳು.

ಗೋಮಾಳದ ಹೋರಾಟಕ್ಕೆ ಹತ್ತು ವರ್ಷ ತುಂಬಿತೆಂದು ಎರಡು ವರ್ಷದ ಹಿಂದೆ ಸಂಘದವರು ಶಿರಾದಲ್ಲಿ ಸಮಾರಂಭ ಇಟ್ಟರು. ವೇದಿಕೆಯ ಹಿಂದಕ್ಕೆ ಆ ಫೋಟೊದ ದೊಡ್ಡ ಫ್ಲೆಕ್ಸು. ಸುದ್ದಿ ಕೇಳಿ ಕ್ಯಾತಮ್ಮನಿಗೆ ಹಿಗ್ಗು. ಆ ಪಟ ಒಂದು ಮನೆಗೂ ಇರಲಿ, ಕಟ್ಟು ಹಾಕಿಸಿಕೊಂಡು ಬಾ ಎಂದು ಮಗಳಿಗೆ ದಿನಾ ಕಾಟ. ಹಿಂದಿನ ತಿಂಗಳ ಸಂಘದ ಸಭೆಯಲ್ಲಿ ಕ್ಯಾತಮ್ಮ ಎದ್ದು ನಿಂತು, ಬಸವಲಿಂಗಯ್ಯನ ಕಾರು ನಿನ್ನ ಮನೆ ಬಾಗಿಲಲ್ಲಿ ಯಾಕೆ ನಿಂತಿರುತ್ತದೆ ಎಂದು ಪರಮೇಶನನ್ನು ಕೇಳಿದ್ದಳು. ಕೇಳಿದವಳು ಮರೆತಿದ್ದಳು. ಕೇಳಿಸಿಕೊಂಡವನು ಮರೆತಿರಲಿಲ್ಲ.

ಯಶೋದ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆ ಫೋಟೊದ ಫೈಲು ಹುಡುಕಿದಳು. ಇದ್ದ ಜಾಗದಲ್ಲೇ, ಇದ್ದ ಹೆಸರಿನಲ್ಲೇ ಇತ್ತು. ತೆರೆಯಲಿಲ್ಲ. ಪಾವಗಡಕ್ಕೆ ಮದುವೆ ತೆಗೆಯಲು ಹೋಗಿದ್ದ ಮಲ್ಲೇಶನಿಗೆ ಫೋನು ಮಾಡಿದರೆ, ಹಳೇ ಫೈಲು, ಕೆಟ್ಟಿರಬೇಕು, ತಲೆ ಕೆಡಿಸಿಕೊಳ್ಳಬೇಡ ಎಂದ.

ಅವಳು ಬಿಡಲಿಲ್ಲ. ಕಂಪ್ಯೂಟರಿನ ಸಿ ಡ್ರೈವು ತುಂಬಿ ತುಳುಕುತ್ತಿತ್ತು. ಅಲ್ಲಿ ಜಾಗವಿಲ್ಲದಿದ್ದರೆ ಸಾಫ್ಟ್‌ವೇರಿಗೆ ಕೈಕಾಲು ಆಡಿಸಲಾಗದು. ಬೇಡದ್ದನ್ನೆಲ್ಲ ಗುಡಿಸಿ, ಬಂದ್ ಮಾಡಿ ಮತ್ತೆ ಹಾಕಿದಳು. ಇಲ್ಲ. ಫೈಲಿಗೆ ಬೀಗ ಬಿದ್ದಿದೆಯೇ ನೋಡಿದಳು, ಬಿದ್ದಿರಲಿಲ್ಲ. ಬೇರೆ ಡ್ರೈವಿಗೆ ನಕಲು ಮಾಡಿ ಅಲ್ಲಿಂದ ತೆರೆದಳು. ಸಾಫ್ಟ್‌ವೇರಿನ ಸೆಟ್ಟಿಂಗನ್ನೆಲ್ಲ ಅಳಿಸಿ ಹೊಸದಾಗಿ ಎಬ್ಬಿಸಿದಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರಿನಲ್ಲೂ ನೋಡಿದಳು. ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಫೈಲಿನ ತೂಕ ನೋಡಿದ್ದು ಕೊನೆಗೆ. ಗಿರಾಕಿಯ ಫೈಲಾಗಿದ್ದರೆ ಮೊದಲೇ ನೋಡುತ್ತಿದ್ದಳು. ಇಲ್ಲಿ ಅನುಮಾನವೇ ಬಂದಿರಲಿಲ್ಲ. ಪದರ ಪದರವಾಗಿ ಟಗರಿನಂತೆ ದಪ್ಪಗಿರಬೇಕಾದ ಫೈಲು ಮರಿಯಷ್ಟಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲು ನೋಡಿದಳು. ಎಡಿಟಿಂಗ್ ಫೈಲಿನ ತಲೆಯಲ್ಲಿ ಇರಬೇಕಾದ ಗುರುತು ಇರಲಿಲ್ಲ. ಇದ್ದದ್ದು ಮಾಮೂಲಿ ಫೋಟೊದ ಗುರುತು. ಒಳಗೊಂದು, ಹೆಸರೊಂದು. ಮೇಜು ಗುದ್ದುವ ಗಿರಾಕಿಗೆ ಇಕ್ಕುವ ಅದೇ ಎಡೆಯನ್ನು ಅಣ್ಣ ಅವಳಿಗೂ ಇಕ್ಕಿದ್ದ.

ಹೆಸರಿನ ಬಾಲ ಬದಲಾಯಿಸಿ ಒತ್ತಿದಳು. ಗಕ್ಕನೆ ತೆರೆದುಕೊಂಡಿತು.

ತಾಲ್ಲೂಕು ಕಚೇರಿ ಇತ್ತು. ಹಟ್ಟಿ ಇತ್ತು, ಕುರಿ ಇತ್ತು, ಪರಮೇಶ ಇದ್ದ. ಅವ್ವ ಇರಲಿಲ್ಲ. ಅವ್ವನ ಜಾಗದಲ್ಲಿ ಬಸವಲಿಂಗಯ್ಯ ನಿಂತಿದ್ದ. ಹೆಗಲಿಗೆ ಹಸಿರು ಶಾಲು, ಬೇರೆಲ್ಲೋ ಯಾವುದೋ ಸನ್ಮಾನದಲ್ಲಿ ನಕ್ಕ ನಗು. ಯಾರ ವಿರುದ್ಧ ಹಟ್ಟಿ ಕೂತಿತ್ತೋ ಅವನೇ ಹಟ್ಟಿಯ ಮುಂದಾಳಾಗಿ ಎದೆಯುಬ್ಬಿಸಿದ್ದ. ಅವನು ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾನೆಂದು ಊರೆಲ್ಲ ಮಾತಿತ್ತು.

ಮಾಮೂಲಿ ಫೋಟೊಗೆ ಒಂದೇ ಪದರ ಎಂದು ಗೊತ್ತಿದ್ದರೂ ಯಶೋದ ಪದರಗಳ ಪಟ್ಟಿ ನೋಡಿದಳು. ಅಣ್ಣ ಅಳಿಸಿರುವುದಿಲ್ಲ, ಮರೆ ಮಾಡಿರುತ್ತಾನೆ. ಇದ್ದದ್ದು ಒಂದೇ ಪದರ. ತಳವಿಲ್ಲ.

ಮಲ್ಲೇಶ ಮಾರನೆಯ ದಿನ ಬಂದು ಕ್ಯಾಮೆರಾ ಬ್ಯಾಗು ಇಳಿಸುವಾಗ ಪರದೆಯ ಮೇಲೆ ಆ ಫೋಟೊ ಹಾಗೇ ಇತ್ತು. ಅವನು ನಿಂತ.

"ಹೆಂಗ್ ತೆಗುದೆ ಇದ?"

"ನೀನು ಗಿರಾಕಿಗ್ ಮಾಡ್ತಿದ್ದಂಗೇ ನಂಗೂ ಮಾಡಿದ್ಯಲ್ಲಣ್ಣ, ಅಂಗೇ ತೆಗುದೆ. ಹಳೇದೆಲ್ಲಿ?"

"ಇಲ್ಲ ಕಣಮ್ಮ. ಅದ್ರ ಮೇಲೇ ಸೇವ್ ಮಾಡ್ಬುಟ್ಟೆ. ಪರಮೇಶಪ್ಪ ಪಕ್ಕದಲ್ಲೇ ಕುಂತಿದ್ರು, ಹಳೇದು ಉಳೀಬಾರ್ದು ಅಂದ್ರು."

"ಅಳುಸ್ಬಾರ್ದು ಅಂತ ಹೇಳ್ಕೊಟ್ಟೋನು ನೀನೇ."

ಮಲ್ಲೇಶ ಕುರ್ಚಿ ಎಳೆದುಕೊಂಡು ಕೂತ. ತಪ್ಪು ಮಾಡಿದವನ ಮುಖ ಅವನದಾಗಿರಲಿಲ್ಲ. ಲೆಕ್ಕ ಒಪ್ಪಿಸುವವನ ಮುಖ.

"ಅದು ಮದ್ವೆ ಮನೆಯೋರ್ಗೆ ಕಣಮ್ಮ. ಅವ್ರು ಜಗಳ ಆಡ್ತಾರೆ, ರಾಜಿ ಆಗ್ತಾರೆ, ವಾಪಸ್ ಬರ್ತಾರೆ. ನಿಮ್ಮವ್ವ ಯಾವತ್ ರಾಜಿ ಆದಾಳು ಹೇಳು?"

ಆಮೇಲೆ ಅವನೇ ಮಾತು ಹೊರಳಿಸಿದ. ಸಂಘದ ಫ್ಲೆಕ್ಸುಗಳೆಲ್ಲ ಇನ್ನು ಮೇಲೆ ತಮಗೇ ಬರುತ್ತವಂತೆ. ಈ ಫೋಟೊವನ್ನು ಫ್ಲೆಕ್ಸಿನ ಅಳತೆಗೆ ಹಿಗ್ಗಿಸಿದರೆ ಸೇವ್ ಆಗುತ್ತಿಲ್ಲವಂತೆ, ಜಾಗ ಸಾಲದು ಎಂದು ನಡುವಿನಲ್ಲೇ ನಿಲ್ಲುತ್ತದಂತೆ. ಹೇಗೂ ಡ್ರೈವು ಗುಡಿಸಿದ್ದೀಯ, ನೀನೇ ಮಾಡಿ ಕಳಿಸಿಬಿಡು ಎಂದ. ಅವ್ವನನ್ನು ಅಳಿಸಿದವನು ಅಳಿಸಿದ್ದನ್ನು ದೊಡ್ಡದು ಮಾಡಲು ಮಗಳನ್ನೇ ಕೇಳಿದ. ಕೇಳಿ, ಟೀ ಹೇಳಲು ಕೆಳಗಿಳಿದ.

ಯಶೋದ ಕೂತಳು. ಸಾಫ್ಟ್‌ವೇರಿಗೆ ಕೈಕಾಲು ಆಡಿಸಲು ಬೇರೆ ಡ್ರೈವಿನ ಜಾಗ ತೋರಿಸಿ, ಫೋಟೊವನ್ನು ಹಿಗ್ಗಿಸಿದಳು. ಹಿಗ್ಗಿಸಿದಾಗಲೇ ಕಂಡದ್ದು. ಬ್ಯಾನರಿನ ಕೆಳಗಿನ ಅಂಚಿನಲ್ಲಿ, ಅಕ್ಷರಗಳಿಗೆ ತಾಗಿಕೊಂಡಂತೆ, ನಾಲ್ಕು ಬೆರಳು. ಅವುಗಳನ್ನು ತೆಗೆದರೆ ಬ್ಯಾನರಿನ ಅಕ್ಷರ ಮತ್ತೆ ಬರೆಯಬೇಕಾಗುತ್ತದೆಂದು ಮಲ್ಲೇಶ ಮೈಗಳ್ಳತನ ಮಾಡಿದ್ದ. ಬಸವಲಿಂಗಯ್ಯನ ಎರಡು ಕೈಯೂ ಶಾಲಿನ ಮೇಲಿದ್ದವು. ಈ ಬೆರಳು ಯಾರ ಮೈಗೂ ಸೇರದೆ ಬ್ಯಾನರನ್ನು ಹಿಡಿದಿದ್ದವು. ಅದರಲ್ಲಿ ಒಂದು ಸೊಟ್ಟ.

ಅಳಿಸಲು ಅವಳಿಗೆ ಐದು ನಿಮಿಷದ ಕೆಲಸ. ಅಳಿಸಲಿಲ್ಲ. ಮಲ್ಲೇಶನಿಗೂ ಹೇಳಲಿಲ್ಲ. ಸೇವ್ ಒತ್ತಿ, ಫ್ಲೆಕ್ಸಿನವನಿಗೆ ಕಳಿಸಿ, ಬಸ್ಸು ಹಿಡಿದಳು.

ಮನೆಯಲ್ಲಿ ಕ್ಯಾತಮ್ಮ ಪಟ ಎಲ್ಲಿ ಎಂದಳು. ಯಶೋದ ಚಪ್ಪಲಿ ಬಿಡುತ್ತಾ, ಫೈಲು ಕೆಟ್ಟಿದೆ ಕಣವ್ವ, ಎರಡು ದಿನ ಆಗುತ್ತೆ ಎಂದುಬಿಟ್ಟಳು. ಬಾಯಿಗೆ ಅದೇ ಬಂತು. ಸಮಾರಂಭದಲ್ಲೇ ದೊಡ್ಡದು ನೋಡುತ್ತೀನಲ್ಲ, ಬಿಡು ಎಂದು ಅವ್ವ ಸೀರೆ ಮಡಿಸಿಟ್ಟಳು.

ಸಮಾರಂಭಕ್ಕೆ ಹಟ್ಟಿಯ ಹೆಂಗಸರು, ಅವರ ಜೊತೆ ಯಶೋದಳೂ, ಟೆಂಪೊ ಮಾಡಿಕೊಂಡು ಬಂದರು. ಕ್ಯಾತಮ್ಮ ಎಲ್ಲರಿಗಿಂತ ಮುಂದೆ ಇಳಿದಳು. ವೇದಿಕೆಯ ಹಿಂದಿನ ಫ್ಲೆಕ್ಸನ್ನು ನೋಡಿದಳು. ನೋಡುತ್ತಲೇ ನಿಂತಳು. ಪರಮೇಶ ಮೇಲಿನಿಂದ ಬನ್ನಿ ಬನ್ನಿ ಎಂದು ಕೈ ಬೀಸುತ್ತಿದ್ದ. ಪಕ್ಕದಲ್ಲಿ ಬಸವಲಿಂಗಯ್ಯ ಕೂತಿದ್ದ. ಕ್ಯಾತಮ್ಮ ಮೆಟ್ಟಿಲು ಹತ್ತಿ, ಇಬ್ಬರನ್ನೂ ದಾಟಿಕೊಂಡು ಹಿಂದಕ್ಕೆ ಹೋದಳು. ಫ್ಲೆಕ್ಸಿನ ಫೋಟೊದಲ್ಲಿದ್ದ ಬ್ಯಾನರಿನ ಅಂಚು ಅವಳ ತಲೆಯ ಎತ್ತರಕ್ಕಿತ್ತು. ತನ್ನ ಬಲಗೈಯನ್ನು ಎತ್ತಿ ಆ ಬೆರಳುಗಳ ಪಕ್ಕಕ್ಕೆ ಇಟ್ಟಳು. ಸೊಟ್ಟದ ಪಕ್ಕಕ್ಕೆ ಸೊಟ್ಟ. ಕೆಳಗಿದ್ದ ಹೆಂಗಸರ ಕಡೆ ತಿರುಗಿದಳು.

"ಬೆರಳು ಇಲ್ಲೈತೆ ಕಣ್ರೇ. ಮಿಕ್ಕಿದ್ ನಾನು ಎಲ್ಲೋದೆ ಅಂತ ಪರಮೇಶಪ್ಪನ್ನ ಕೇಳಿ."

ಹೆಂಗಸರು ಕೇಳಿದರು. ಒಬ್ಬರಲ್ಲ, ಇಡೀ ಟೆಂಪೊ. ಪರಮೇಶ ಮೈಕು ಹಿಡಿದು ಪ್ರಿಂಟಿನವರ ತಪ್ಪು ಎಂದ. ಶಾಲು ತರಿಸಿ ಕ್ಯಾತಮ್ಮನಿಗೆ ಹೊದಿಸಲು ಬಂದ. ಅವಳು ಅದನ್ನು ತಗೊಂಡು ಬಸವಲಿಂಗಯ್ಯನ ತೊಡೆಯ ಮೇಲಿಟ್ಟು ಇಳಿದಳು. ಹಟ್ಟಿ ಅವಳ ಹಿಂದೆ ಎದ್ದಿತು. ಕಾರ್ಯಕ್ರಮವೇನೂ ನಿಲ್ಲಲಿಲ್ಲ. ಖಾಲಿ ಕುರ್ಚಿಗಳಿಗೆ ಪರಮೇಶ ಭಾಷಣ ಮಾಡಿದ, ಫೋಟೊ ಮಲ್ಲೇಶನೇ ತೆಗೆದ.

ಟೆಂಪೊದಲ್ಲಿ ಹೆಂಗಸರು ಪರಮೇಶನ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಶಿರಾ ದಾಟಿದ ಮೇಲೆ ಕ್ಯಾತಮ್ಮ ಮಗಳ ಕಡೆ ತಿರುಗಿದಳು.

"ಇದ್ರಾಗೆ ನಿನ್ ಕೈಯೂ ಐತೇನೇ?"

ಯಶೋದ ಎಲ್ಲವನ್ನೂ ಹೇಳಿದಳು. ಮಲ್ಲೇಶ ಮಾಡಿದ್ದು, ತಾನು ತೆರೆದದ್ದು, ಹಿಗ್ಗಿಸಿದ್ದು. ಬೆರಳನ್ನು ಬೇಕೆಂದೇ ಬಿಟ್ಟೆ ಕಣವ್ವ ಎಂದಳು. ಅವ್ವ ಹೂಂಗುಟ್ಟುತ್ತಾ ಕೇಳಿದಳು.

"ಬೆರಳು ಬುಟ್ಟೆ, ಸರಿ. ನಂಗ್ಯಾಕ್ ಹೇಳ್ಲಿಲ್ಲ? ಫೈಲು ಕೆಟ್ಟೈತೆ ಅಂದ್ಯಲ್ಲ."

ಮಾರನೆಯ ದಿನದಿಂದ ಯಶೋದ ಮಲ್ಲೇಶನ ಮಹಡಿ ಹತ್ತಲಿಲ್ಲ. ಬರಗೂರಿನ ಮಳಿಗೆ ಹಿಡಿದದ್ದು ಅದಾದ ಮೇಲೆ. ಅಲ್ಲಿಗೆ ಕ್ಯಾತಮ್ಮ ಆಗಾಗ ಬರುತ್ತಾಳೆ, ಟೀ ಕುಡಿಯುತ್ತಾಳೆ, ಗಿರಾಕಿಗಳನ್ನು ಗದರುತ್ತಾಳೆ. ಬಾ ಅವ್ವ, ಕೂರು, ಹೊಸದೊಂದು ಫೋಟೊ ತೆಗೆಯುತ್ತೀನಿ ಎಂದು ಮಗಳು ಎಷ್ಟು ಕರೆದರೂ ಕ್ಯಾಮೆರಾದ ಮುಂದೆ ಮಾತ್ರ ಇವತ್ತಿನವರೆಗೂ ಕೂತಿಲ್ಲ.