ಅಂಗಡಿ ಅಂಕಲ್ ಹೇಳಿದ ಪಡಸಾಲೆ

ಯಾರ ಮನೆಗೆ ಹೋದರೂ ಅಂಗಡಿ ಅಂಕಲ್ ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು. ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯಿಟ್ಟು, ಆಮೇಲೆ "ಆರಾಮೇನ್ರಿ?" ಎಂದು ನಮ್ಮ ಕಡೆ ತಿರುಗುತ್ತಿದ್ದರು. ಅಂಗಡಿ ಅವರ ಮನೆತನದ ಹೆಸರು, ಊರು ಗದಗದ ಕಡೆ. ಡೆಟ್ರಾಯಿಟ್‌ನಲ್ಲಿ ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಎಂಜಿನಿಯರ್ ಆಗಿದ್ದು, ನಿವೃತ್ತರಾದ ಮೇಲೆ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮಗಳ ಜೊತೆಗಿದ್ದರು. ನಮ್ಮ ಹೊಸ ಮನೆಯ ಗೋಡೆ ಕುಟ್ಟಿ, "ಇದು ರಟ್ಟಿನ ಡಬ್ಬಿ ಐತ್ರಿ ಅಕ್ಕೋರ" ಎಂದಾಗ ನನ್ನ ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ.

ಅಕ್ಕೋರು ಎಂದರೆ ಅವರ ಕಡೆ ಮೇಡಂ. ನಾನು ಭಾನುವಾರದ ಕನ್ನಡ ಶಾಲೆಯ ಟೀಚರ್, ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ. ಲೆಮಾಂಟ್ ಹತ್ತಿರ, ಯಾರೋ ಶ್ರೀಮಂತರು ಹಿಂದೆ ಬೇಸಿಗೆ ಕಳೆಯಲೆಂದು ಕಟ್ಟಿಸಿದ್ದ ಬಂಗಲೆಯನ್ನು ಖಾಸಗಿ ಶಾಲೆ ಮಾಡಿದ್ದರು. ಭಾನುವಾರ ಅದು ನಮಗೆ ಬಾಡಿಗೆಗೆ ಸಿಗುತ್ತಿತ್ತು. ಹಳದಿ ಸುಣ್ಣಕಲ್ಲಿನ ಗೋಡೆ, ಓಕ್ ಮರದ ಮೆಟ್ಟಿಲು, ಮುಂದೆ ಕಂಬಗಳ ಪೋರ್ಚ್, ಒಳಗೆ ದೊಡ್ಡ ಹಾಲ್. ಹಾಲಿನ ಸೀಲಿಂಗ್ ತುಂಬ ಗಾರೆಯ ದ್ರಾಕ್ಷಿ ಬಳ್ಳಿ. ನಾನು ಬಾಯಿಬಿಟ್ಟುಕೊಂಡು ಅದನ್ನು ನೋಡುತ್ತಿದ್ದರೆ ಅಂಕಲ್ ನೆಲದ ಮೇಲಿನ ಒಂದು ಗೆರೆ ತೋರಿಸಿದರು.

"ಇಲ್ಲಿ ಗ್ವಾಡಿ ಇತ್ತು. ಶಾಲಿ ಮಾಡೂಮುಂದ ಕೆಡವಿ ಎರಡು ಖೋಲಿ ಒಂದು ಮಾಡ್ಯಾರ. ಮ್ಯಾಲಿನ ಭಾರ ಈಗ ಯಾರು ಹೊರಬೇಕು?"

ಬಂಗಲೆಯ ಖಾಸಗಿ ಶಾಲೆಯವರಿಗೆ ಅಂಕಲ್ ಎರಡು ಸಲ ಬರೆದರು. ನೋಡುತ್ತೇವೆ ಎಂಬ ಉತ್ತರ ಬಂತು. ಅಂಕಲ್‌ಗೆ ಗೋಡೆಯ ಹುಚ್ಚು ಎಂದು ನಾವು ನಕ್ಕೆವು.

ನಮ್ಮ ಶಾಲೆಯಲ್ಲಿ ನನ್ನದೊಂದು ಕಟ್ಟಳೆಯಿತ್ತು: ಇಂಗ್ಲಿಷ್ ಬೇಡ. ಮೊಮ್ಮಗಳನ್ನು ಬಿಡಲು ಬರುವ ಅಂಕಲ್ ಬಾಯಲ್ಲಿ ಬಂದರೂ ಮಕ್ಕಳೆದುರೇ ತಿದ್ದುತ್ತಿದ್ದೆ. ಅವರು ಕಿವಿ ಹಿಡಿದುಕೊಂಡು, "ತಪ್ಪಾತ್ರಿ ಅಕ್ಕೋರ" ಎನ್ನುತ್ತಿದ್ದರು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಂದು ಶನಿವಾರ ದಿನವಿಡೀ ಮಳೆ. ಭಾನುವಾರ ಬೆಳಿಗ್ಗೆ ನಾನು ಶಾಲೆ ತಲುಪಿದಾಗ ಅವರ ಫೋನ್ ಬಂತು. "ಅಕ್ಕೋರ, ಮಳಿ ಭಾಳ ಆಗೇತಿ. ಪಡಸಾಲ್ಯಾಗ ಹುಡುಗರನ್ನ ಕೂಡಸಬ್ಯಾಡ್ರಿ. ನಾ ಬರಾಕತ್ತೇನಿ."

ಮೈಸೂರಿನ ನಮ್ಮಜ್ಜಿ ಮನೆಯಲ್ಲಿ ಪಡಸಾಲೆ ಎಂದರೆ ಬಾಗಿಲ ಹೊರಗಿನ ಜಾಗ. ಮಕ್ಕಳು ನೆನೆಯುತ್ತಾರೆಂದು ಹೇಳುತ್ತಿದ್ದಾರೆ ಎಂದುಕೊಂಡೆ. "ಆಯ್ತು ಅಂಕಲ್, ಕೂರಿಸಲ್ಲ" ಎಂದು ಅವಸರದಲ್ಲಿ ಫೋನಿಟ್ಟು, ಪ್ರಾರ್ಥನೆಗೆಂದು ಪೋರ್ಚಿನಲ್ಲಿ ಸೇರಿದ್ದ ಅಷ್ಟೂ ಮಕ್ಕಳನ್ನು ಹಾಲಿಗೆ ಕರೆತಂದು ಕೂರಿಸಿದೆ. ಅವರ ಕಡೆ ಪಡಸಾಲೆ ಎಂದರೆ ಒಳಗಿನ ಆ ಹಾಲೇ.

ಸ್ವಲ್ಪ ಹೊತ್ತಿಗೆ ಬಂದು ಹಾಲಿನ ಬಾಗಿಲಲ್ಲಿ ನಿಂತು ಅಂಕಲ್ ಕಿರುಚಿದ್ದು ಇಂಗ್ಲಿಷಿನಲ್ಲಿ: "ಔಟ್! ಎವ್ರಿಬಡಿ ಔಟ್!" ಮಕ್ಕಳು ಓಡಿದರು. ಒಬ್ಬಳು ಮಾತ್ರ ಪುಸ್ತಕ ಎತ್ತಿಕೊಳ್ಳಲು ಬಗ್ಗಿದಳು. ಅಂಕಲ್ ಒಳನುಗ್ಗಿ ಅವಳನ್ನು ಬಾಗಿಲ ಕಡೆ ತಳ್ಳಿದರು. ಸೀಲಿಂಗ್ ಕುಸಿದು ಗಾರೆ, ಮರ, ನೀರು ಎಲ್ಲವೂ ಅವರ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಅವರೊಬ್ಬರೇ ಇದ್ದಾಗ ಹೇಳಿದೆ. "ಪಡಸಾಲೆ ಅಂದ್ರೆ ಪೋರ್ಚ್ ಅಂದ್ಕೊಂಡ್ಬಿಟ್ಟೆ ಅಂಕಲ್."

ಅವರು ನನ್ನ ಕಡೆ ತಿರುಗಿ, "ಹುಡುಗರು?" ಎಂದರು.

"ಯಾರಿಗೂ ಏನೂ ಆಗಿಲ್ಲ."

ಕಣ್ಣು ಮುಚ್ಚಿಕೊಂಡರು. ಮೂರನೆಯ ದಿನ ತೀರಿಕೊಂಡರು.

ಅಂತ್ಯಸಂಸ್ಕಾರದ ದಿನ ಅವರ ಮಗಳು ನನ್ನ ಕೈ ಹಿಡಿದುಕೊಂಡು ಅತ್ತಳು. "ಅಪ್ಪಗ ಎಲ್ಲಾ ಗೊತ್ತಿತ್ತ್ರೀ. ನಿಮಗೊಂದು ಫೋನ್ ಮಾಡಿದ್ರ ಆಗತಿತ್ತಲ್ಲ, ಯಾಕ ಮಾಡಲಿಲ್ಲೋ ಏನೋ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮಾಡಿದ್ರು," ಎಂದೆ.

ಅವಳು ನನ್ನ ಕೈ ಬಿಟ್ಟಳು.