ಎದುರಿನವರ ವಾದ

ಕೊಳ್ಳೇಗಾಲದ ರೇಷ್ಮೆ ನೇಕಾರರ ಸಂಘವೊಂದಕ್ಕೆ ಹೊಸ ಶೆಡ್ಡು ಸಿಕ್ಕಿತ್ತು. ಅದರಲ್ಲಿ ನೂಲಿಗೆ ಬಣ್ಣ ಹಾಕುವ ತೊಟ್ಟಿ ಕಟ್ಟಬೇಕೆಂದು ರಂಗಪ್ಪನವರ ಹಟ. ಹುಡುಗಿಯರಿಗೆ ನೇಯ್ಗೆ ಕಲಿಸಲು ಮಗ್ಗ ಹಾಕಬೇಕೆಂದು ಸಿದ್ದಮ್ಮನವರ ಹಟ. ಎರಡಕ್ಕೂ ಜಾಗ ಸಾಲದೆ, ಸಭೆ ಸೇರಿದಾಗಲೆಲ್ಲ ಜಗಳವಾಡಿಕೊಂಡೇ ಏಳುತ್ತಿದ್ದರಂತೆ. ಮೊಬೈಲಿನಲ್ಲಿ ಕ್ರಮವಾಗಿ ಚರ್ಚಿಸಿ ತೀರ್ಮಾನಕ್ಕೆ ಬರುವ ಆ್ಯಪ್ ಒಂದನ್ನು ಕಲಿಸಿಕೊಡಲು ನನ್ನನ್ನು ಕರೆಸಿದ್ದರು.

ಆ ಆ್ಯಪಿನಲ್ಲಿ ಒಂದು ನಿಯಮವಿದೆ. ವೋಟು ಹಾಕುವ ಮೊದಲು ಎದುರಿನವರ ವಾದವನ್ನು ನೀವೇ ಬರೆಯಬೇಕು. ಅದು ಸರಿಯಾಗಿದೆಯೆಂದು ಅವರು ಒಪ್ಪಬೇಕು.

"ಅವಳ ಮಾತ ನಾನ್ಯಾಕೆ ಬರೀಲಿ ಸಾ?" ಎಂದರು ರಂಗಪ್ಪ.

ಬರೆಯದಿದ್ದರೆ ವೋಟಿನ ಪುಟ ತೆರೆಯುವುದಿಲ್ಲ ಎಂದೆ. ಅವರು ಮೊಬೈಲು ಹಿಡಿದು ತುಂಬ ಹೊತ್ತು ಕೂತರು. ಆಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ನಮ್ಗೆಲ್ಲ ಕಣ್ಣು ಮಂಜಾಯ್ತಾ ಅದೆ. ಕಲ್ಯೋರೇ ಇಲ್ದಿದ್ರೆ ಬಣ್ಣ ಆಕಿದ ನೂಲ ನಾಳೆ ಯಾರು ನೇಯ್ತಾರೆ?"

ಸಿದ್ದಮ್ಮ, "ಇಷ್ಟು ಚೆಂದಾಗಿ ನಾನೇ ಏಳಿರ್ನಿಲ್ಲ ಕಣಣ್ಣ" ಎಂದು ಒಪ್ಪಿಗೆ ಒತ್ತಿದರು. ಆಮೇಲೆ ತಾವು ಬರೆದದ್ದನ್ನು ಓದಿದರು: "ಬಣ್ಣಕ್ಕೆ ಅಂತ ದೂರ ಓಗಿ ಬರೋಗಂಟ ಮಗ್ಗ ಸುಮ್ನೆ ನಿಂತಿರ್ತದೆ." ರಂಗಪ್ಪನವರೂ ತಲೆಯಾಡಿಸಿ ಒತ್ತಿದರು.

ಕೊನೆಗೆ ಮಗ್ಗ ಗೆದ್ದಿತು. ರಂಗಪ್ಪ ಎದ್ದು ನಿಂತು, ತಾವೂ ಮಗ್ಗಕ್ಕೇ ವೋಟು ಹಾಕಿದ್ದಾಗಿ ಒಪ್ಪಿಕೊಂಡರು. ಸಿದ್ದಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. "ನಾನು ಬಣ್ಣಕ್ಕೆ ಆಕ್ಬುಟ್ಟೆ." ಇಡೀ ಸಭೆ ನಕ್ಕಿತು.

ಹೆಂಡತಿಯೊಂದಿಗೆ ಈ ಆ್ಯಪ್ ಬಳಸುವ ಧೈರ್ಯ ನನಗಿನ್ನೂ ಬಂದಿಲ್ಲ. ನನ್ನ ವಾದವನ್ನು ಅವಳು ನನಗಿಂತ ಚೆನ್ನಾಗಿ ಬರೆದುಬಿಟ್ಟರೆ ಆಮೇಲೆ ನಾನು ಮಾತಾಡುವುದಕ್ಕೆ ಏನು ಉಳಿಯುತ್ತದೆ?