ಸುನಂದಕ್ಕ ಕೊಟ್ಟ ಹಿಮ್ಮಡಿ

ಮೊದಲ ಭೇಟಿಯಲ್ಲೇ ಸುನಂದಕ್ಕ ನನ್ನನ್ನು ದೂಡಿ ಬೀಳಿಸಿದರು. ಪುಂಜಾಲಕಟ್ಟೆಯ ತಿರುವಿನಲ್ಲಿ ಬೈಕು ಮಗುಚಿ ನನ್ನ ಬಲಗಾಲು ತೊಡೆಯಿಂದ ಹೋದ ಮೇಲೆ, ಮಿಜಾರಿನ ಒಂದು ಕೇಂದ್ರದಲ್ಲಿ ಕೃತಕ ಕಾಲು ಜೋಡಿಸಿದ್ದರು. ಎರಡು ಸರಳುಗಳನ್ನು ಹಿಡಿದು ಹೇಗೋ ನಿಂತಿದ್ದೆ. ಹಿಂದಿನಿಂದ ಬಂದ ಐವತ್ತು ದಾಟಿದ ಹೆಂಗಸೊಬ್ಬರು, ಒಂದು ಮಾತೂ ಆಡದೆ, ಮುಂದಿದ್ದ ಹಾಸಿಗೆಯ ಮೇಲೆ ಕೆಡವಿಬಿಟ್ಟರು. ಹೌಹಾರಿ ಬೊಬ್ಬೆ ಹಾಕಿದೆ.

"ಜೀವ ಉಂಟಲ್ಲ? ಹಾಗಾದ್ರೆ ಏಳು ಮಾರಾಯ" ಎಂದು ಸೀರೆಯ ನೆರಿಗೆ ತುಸು ಎತ್ತಿ ತಮ್ಮ ಕಾಲು ತೋರಿಸಿದರು. ಅದೂ ನನ್ನದರಂಥದ್ದೇ, ಬಣ್ಣ ಮಾಸಿತ್ತು.

ಮೂಡುಬಿದಿರೆಯ ಜೈನರ ಮನೆಯ ಸುನಂದಕ್ಕ ಹೊಸಬರಿಗೆ ನಡೆಯಲು ಕಲಿಸಲೆಂದು ಅಲ್ಲಿಗೆ ಬರುತ್ತಿದ್ದರು. ಗದರುವುದರಲ್ಲಿ ಎತ್ತಿದ ಕೈ. "ಕಾಲನ್ನು ಹೊರಗೆ ಬೀಸ್ಬೇಡ, ನೀನೇನು ಹುಲ್ಲು ಹೆರೆಯುವುದಾ? ಹಿಮ್ಮಡಿ ಊರಿದ ಕೂಡ್ಲೇ ತೊಡೆಯನ್ನು ಹಿಂದಕ್ಕೆ ಒತ್ತು. ಆಗ ಮೊಣಕಾಲು ಮಡಚುವುದಿಲ್ಲ." ಮುಂದಕ್ಕೆ ಬೀಳುವುದನ್ನೂ ಅವರೇ ಕಲಿಸಿದರು.

ನನಗೆ ಆತುರವಿತ್ತು. ಅಪಘಾತಕ್ಕೆ ಮೊದಲೇ ಅಶ್ವಿನಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. "ಹುಡುಗನನ್ನು ಹಿಡ್ಕೊಂಡೇ ಮಂಟಪ ಸುತ್ತಿಸ್ಬೇಕಾ?" ಎಂದು ಅವಳ ಸೋದರಮಾವ ಕೇಳಿದಾಗ, "ಅವರೇ ನಡೀತಾರೆ" ಎಂದು ಅವಳು ಎಲ್ಲರೆದುರು ಹೇಳಿಬಿಟ್ಟಿದ್ದಳು. ಅವಳ ಮಾತು ಉಳಿಯಬೇಕಿತ್ತು, ಅಷ್ಟೇ.

ಬೆಳ್ತಂಗಡಿಯ ಸಭಾಭವನದಲ್ಲಿ ಧಾರೆ ಮುಗಿಯಿತು. ಕಾಲಿನ ಕಾರಣ ಹೇಳಿ ಅಲ್ಲಿಯವರೆಗೆ ತೆಗೆಯದಿದ್ದ ಶೂವನ್ನು ಸುತ್ತು ಬರಲು ಕಳಚಿ ಎದ್ದವನು ಬೆವೆತುಹೋದೆ. ಕಾಲು ನನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು! ಶೂವಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ ಕಾಲದು. ಬರಿಗಾಲಾದರೆ ಹಿಂದಕ್ಕೆ ವಾಲುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಒಂದು ಹೆಜ್ಜೆಯೂ ಮುಂದೆ ಹೋಗಲಾಗಲಿಲ್ಲ. ಸೋದರಮಾವ ಆಗಲೇ ಕೈ ಚಾಚಿದ್ದರು.

ಚಪ್ಪಲಿಯನ್ನು ಕೆಳಗೆ ಬಿಟ್ಟು ಅಕ್ಷತೆ ಹಾಕಲು ವೇದಿಕೆ ಹತ್ತಿದ್ದ ಸುನಂದಕ್ಕನಿಗೆ ನೋಡಿದೊಡನೆ ಅರ್ಥವಾಯಿತು. ಕುಳಿತು, ತಮ್ಮ ಕೃತಕ ಕಾಲಿನ ಕಾಲುಚೀಲದೊಳಗಿಂದ ರಬ್ಬರ್ ತುಂಡೊಂದನ್ನು ಎಳೆದು ತೆಗೆದರು. ಬಸದಿಯೊಳಗೆ ಬರಿಗಾಲಲ್ಲಿ ನಡೆಯಲೆಂದು ಹವಾಯಿ ಚಪ್ಪಲಿ ಕತ್ತರಿಸಿ ಮಾಡಿಕೊಂಡದ್ದು. ಅದನ್ನು ನನ್ನ ಕಾಲುಚೀಲದೊಳಗೆ ಹಿಮ್ಮಡಿಯ ಅಡಿಗೆ ತುರುಕಿದರು.

"ಈಗ ನಡಿ."

"ನಿಮಗೆ, ಅಕ್ಕ?"

"ನನಗೆ ಕೆಳಗೆ ಕುರ್ಚಿ ಉಂಟು."

ನಡೆದೆ. ನನ್ನ ಮೊದಲ ಸುತ್ತು ನೋಡಿ ಅವರು ಮೆಟ್ಟಿಲಿಳಿಯತೊಡಗಿದರು. ಯಾರ ಕೈಯನ್ನೂ ಹಿಡಿಯುವ ಹೆಂಗಸಲ್ಲ. ಧಡ್ ಎಂದು ಸದ್ದಾಯಿತು, ಜನ ಚೀರಿದರು. ಹಿಂದಕ್ಕೆ ಬಿದ್ದಿದ್ದರು. ಹಾಗೆ ಬೀಳುವುದನ್ನು ಅವರು ಯಾರಿಗೂ ಕಲಿಸಿರಲಿಲ್ಲ. ನಾನು ನಿಂತುಬಿಟ್ಟೆ.

"ನಿಲ್ಬೇಡ! ನಡಿ!" ನೆಲದಿಂದಲೇ ಗದರಿದರು.

ಹೇಗೆ ನಡೆದೆನೋ ದೇವರಿಗೇ ಗೊತ್ತು. ಮೂರು ಸುತ್ತು ಮುಗಿಯುವಷ್ಟರಲ್ಲಿ ಅವರನ್ನು ಕಾರಿನಲ್ಲಿ ಕರೆದೊಯ್ದಿದ್ದರು.

ಸೊಂಟದ ಮೂಳೆ ಮುರಿದಿತ್ತು. ಮರುದಿನ ನಾವಿಬ್ಬರೂ ಆಸ್ಪತ್ರೆಗೆ ಹೋದಾಗ ಅಶ್ವಿನಿಯನ್ನೇ ಕೇಳಿದರು: "ನನಗೆ ಒಂದು ಸುತ್ತು ಮಾತ್ರ ಕಂಡದ್ದು. ಮತ್ತೆ ಯಾರಾದ್ರೂ ಹಿಡಿದ್ರಾ?"

"ಇಲ್ಲಕ್ಕ, ಅವರೇ ನಡೆದ್ರು."

"ನಾಳೆ ಆ ರಬ್ಬರ್ ತಂದು, ಬರಿಗಾಲಲ್ಲಿ ನಡೆದು ತೋರಿಸು" ಎಂದರು ನನಗೆ.

ಮರುದಿನ ಶೂವನ್ನು ವಾರ್ಡಿನ ಬಾಗಿಲಲ್ಲೇ ಕಳಚಿ, ರಬ್ಬರ್ ಸರಿಮಾಡಿಕೊಂಡು, ಯಾರನ್ನೂ ಹಿಡಿಯದೆ ಕೊನೆಯಲ್ಲಿದ್ದ ಅವರ ಮಂಚದವರೆಗೆ ನಡೆದೆ. ನರ್ಸ್ ಅದಕ್ಕೆ ಹೊಸ ಹಾಸುಬಟ್ಟೆ ಹಾಸುತ್ತಿದ್ದಳು.

"ನಿಮಗೆ ಯಾರೂ ಹೇಳ್ಲಿಲ್ವಾ?" ಎಂದಳು. "ರಕ್ತ ಹೆಪ್ಪುಗಟ್ಟಿ ಎದೆಗೆ ಹೋಯ್ತಂತೆ. ಬೆಳಿಗ್ಗೆಯೇ ತೀರಿಕೊಂಡ್ರು."